ಖರೀದಿಗೆಂದು ಬೆಂಗಳೂರಿಗೆ ಬರುವ ವರ್ತಕರ ಊಟೋಪಹಾರ

ಸರಕಿನ ಖರೀದಿಗಾಗಿ ಚಿಕ್ಕಪೇಟೆ, ಅವೆನ್ಯೂ ರಸ್ತೆಗಳಿಗೆ ಬರುವ ಹೊರ ಊರಿನ ವರ್ತಕರು ದರಕ್ಕೆ ಕೊಡುವ ಗಮನವನ್ನು ಹೊಟ್ಟೆಗೆ ಕೊಡುವುದು ವಿರಳ. ಹಸಿದವನ ಚೌಕಾಸಿ ಬೇಗ ಮುಗಿಯುತ್ತದೆಂಬುದನ್ನು ಸಗಟು ವ್ಯಾಪಾರಿಗಳು ಚೆನ್ನಾಗಿ ಬಲ್ಲರು.

ಪೇಟೆಯ ಅಂಗಡಿಗಳು ಬಾಗಿಲು ತೆರೆಯುವುದು ತಡವಾಗಿ. ಮುಂಜಾನೆ ಬಂದಿಳಿದವರಿಗೆ ಆ ಬಿಡುವೇ ಉಪಾಹಾರದ ಕಾಲ. ಮೆಜೆಸ್ಟಿಕ್‌ನಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಮೂರನೆಯ ನಿಲ್ದಾಣ ನ್ಯಾಷನಲ್ ಕಾಲೇಜು. ಅಲ್ಲಿಂದ ಅನತಿದೂರದ ಗಾಂಧಿ ಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ಮಸಾಲೆ ದೋಸೆ ಪ್ರಸಿದ್ಧ. ಶುಕ್ರವಾರ ಅದಕ್ಕೆ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ-ವಡೆಗೆ ಚಟ್ನಿ ಮಾತ್ರ, ಸಾಂಬಾರಿಲ್ಲ. ನಿಂತೇ ತಿನ್ನಬೇಕಾದುದರಿಂದ ಕೆಲಸ ಬೇಗ ಮುಗಿಯುತ್ತದೆ. 1924ರಲ್ಲಿ ಆರಂಭವಾದ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಕಾಯುವ ವ್ಯವಧಾನ ಬೇಕು. ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿ ಹುಟ್ಟಿದ್ದು ಅಲ್ಲಿಯೇ ಎನ್ನುತ್ತಾರೆ. ತುರ್ತು ಪರಿಸ್ಥಿತಿಯ ದರ ನಿಯಂತ್ರಣ ಹೋಟೆಲನ್ನು ಕಟ್ಟಿಹಾಕಿದಾಗ ಆ ಸಂಸ್ಥೆ ಪುಡಿ, ಮಿಶ್ರಣಗಳ ತಯಾರಿಕೆಗೆ ತಿರುಗಿತು. ಸಣ್ಣ ಉದ್ಯಮಿಗಳು ಕಾಫಿಗೆ ಕಾಯುತ್ತ ಮೆಲುಕು ಹಾಕಬಹುದಾದ ಸಂಗತಿಯಿದು.

ಮಧ್ಯಾಹ್ನ ಪೇಟೆಯನ್ನು ಬಿಟ್ಟು ದೂರ ಹೋಗುವುದು ಕಾಲಹರಣ. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದ ಸಾಗು ಮಸಾಲೆ ದೋಸೆ ಸಾಕು. ರಾತ್ರಿಯ ಬಸ್ಸು ಹಿಡಿಯುವವರಿಗೆ ವಿ.ವಿ. ಪುರದ ತಿಂಡಿ ಬೀದಿಯಿದೆ.

ಇನ್ನು ಬಿಲ್ಲಿನ ವಿಚಾರ. ಸಾಮಾನ್ಯ ಹೋಟೆಲುಗಳಲ್ಲಿ ಜಿಎಸ್‌ಟಿ ಶೇ. 5. ಹೋಟೆಲಿನವರು ರಾಜಿ ಯೋಜನೆಯಲ್ಲಿ, ಅಂದರೆ ಕಾಂಪೊಸಿಷನ್‌ನಲ್ಲಿ, ನೋಂದಾಯಿಸಿಕೊಂಡಿದ್ದರೆ ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಕೆಲವೆಡೆ ಸೇವಾ ಶುಲ್ಕವೆಂದು ಇನ್ನೊಂದು ಮೊತ್ತ ಸೇರಿರುತ್ತದೆ. ಅದು ತೆರಿಗೆಯಲ್ಲ, ಸರ್ಕಾರಕ್ಕೆ ಸೇರುವುದೂ ಇಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದೆಂಬ 2022ರ ಮಾರ್ಗಸೂಚಿಯನ್ನು ದೆಹಲಿ ಉಚ್ಚ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ತೆಗೆಯಿರೆಂದು ಕೇಳಲು ಸಂಕೋಚ ಬೇಡ.

ಹೋಟೆಲ್ ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಿಕೊಂಡು ಹೂಡುವಳಿ ತೆರಿಗೆ ಜಮೆ ಪಡೆಯಲು ಹೊರಡುವವರು ಇಂದಿಗೂ ಉಂಟು. ಆಹಾರ-ಪಾನೀಯಗಳ ಮೇಲಿನ ಜಮೆಯನ್ನು ಕಾಯಿದೆಯ 17(5)ನೆಯ ಕಲಮು ತಡೆಹಿಡಿದಿದೆ. ತಪ್ಪಾಗಿ ಪಡೆದು ಬಳಸಿದರೆ ಬಡ್ಡಿಸಹಿತ ಹಿಂತಿರುಗಿಸಬೇಕಾದೀತು. ಆದರೆ ವ್ಯವಹಾರಕ್ಕಾಗಿಯೇ ಮಾಡಿದ ಪ್ರಯಾಣದ ಊಟದ ಖರ್ಚನ್ನು, ತೆರಿಗೆಯೂ ಸೇರಿದಂತೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಪ್ರಯಾಣ ವೆಚ್ಚವಾಗಿ ತೋರಿಸಬಹುದು. ಜೊತೆಗೆ ಬಂದ ಕುಟುಂಬದವರ ಊಟ ಅದರಲ್ಲಿ ಸೇರದು. ಬಿಲ್ಲಿನ ಹಿಂದೆ ಯಾವ ಖರೀದಿಗೆ ಹೋದದ್ದೆಂದು ಅಂದೇ ಬರೆದಿಡಬೇಕು. ಬಿಲ್ಲಿನ ಮುದ್ರಣ ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಒಂದು ನಕಲನ್ನೂ ತೆಗೆದಿಡುವುದು ಲೇಸು.