ಹಳೇ 135 ಸಾಕಾ, ಹೊಸದೇ ಬೇಕಾ?

ಮುಖ ಸ್ಪಷ್ಟವಾಗಿರಬೇಕು, ಹಿಂದಿರೋದೆಲ್ಲ ಮಂಜಾಗಬೇಕು. ಅದಕ್ಕೆ ಕ್ಯಾನನ್‌ನ ಹಳೇ ಲೆನ್ಸ್ ಇಎಫ್ 135 ಎಫ್/2 ಸಾಕಾ, ಹೊಸ ಆರ್‌ಎಫ್ 135 ಎಫ್/1.8 ಬೇಕಾ?

ಫೋಕಲ್ ಲೆಂತ್ ಆದ 135 ಮಿಲಿಮೀಟರನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಹಳೇದಕ್ಕೆ 67.5 ಮಿಲಿಮೀಟರ್, ಹೊಸದಕ್ಕೆ 75. ಬೆಳಕು ಒಳಗೆ ಬರೋ ಕಿಂಡಿಯ ಅಗಲ ಇದು. ಒಂದೇ ಜಾಗದಲ್ಲಿ ನಿಂತು ತೆಗೆದರೆ, ದೂರದ ದೀಪದ ಮಸುಕು ವೃತ್ತ ಹೊಸದರಲ್ಲಿ ಸುಮಾರು ಶೇ. 11ರಷ್ಟು ದೊಡ್ಡದು. ಅಷ್ಟೇ! ಎರಡೂ ಫೋಟೋ ಪಕ್ಕಪಕ್ಕ ಇಡದಿದ್ದರೆ ಹೆಚ್ಚಿನವರಿಗೆ ಗೊತ್ತೇ ಆಗಲ್ಲ.

ಹೊಸದರ ನಿಜವಾದ ಲಾಭ ಬೇರೆ ಕಡೆ ಇದೆ. ಹಳೇದರ ಫೋಕಸ್ 90 ಸೆಂಟಿಮೀಟರ್‌ಗೆ ನಿಲ್ಲುತ್ತೆ, ಹೊಸದು 70ರವರೆಗೆ ಹತ್ತಿರ ಹೋಗುತ್ತೆ. ಹತ್ತಿರ ಹೋದಷ್ಟೂ ಹಿನ್ನೆಲೆ ಇನ್ನೂ ಮಸುಕು. ಹೊಸದರಲ್ಲಿ ಕೈ ನಡುಕ ತಡೆಯೋ ಸ್ಟೆಬಿಲೈಸೇಷನ್ ಕೂಡ ಇದೆ. 1996ರ ಹಳೇ ಲೆನ್ಸಲ್ಲಿ ಅದಿಲ್ಲ. ತೂಕ ಮಾತ್ರ 750ರಿಂದ 935 ಗ್ರಾಂಗೆ ಏರುತ್ತೆ. ಮದುವೆಮನೇಲಿ ದಿನವಿಡೀ ಹಿಡಿಯೋರಿಗೆ ಇದು ಸಣ್ಣ ವಿಷಯ ಅಲ್ಲ.

ಅಡಾಪ್ಟರ್ ಹಾಕಿದರೆ ಹಳೇದು ಕ್ಯಾನನ್‌ನ ಆರ್ ಸರಣಿಯ ಕ್ಯಾಮೆರಾಗಳಲ್ಲೂ ಆಟೋಫೋಕಸ್ ಮಾಡುತ್ತೆ. ಸೆಕೆಂಡ್‌ಹ್ಯಾಂಡ್ ಕೊಳ್ಳೋ ಮುಂಚೆ ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಿ. ಕರಾವಳಿ, ಮಲೆನಾಡಿನ ತೇವದಲ್ಲಿದ್ದ ಲೆನ್ಸಾದರೆ ಎರಡು ಸಲ ನೋಡಿ.

ಬರೀ ಪೋರ್ಟ್ರೇಟ್ ತೆಗೀತೀರಾ? ಹಳೇದನ್ನೇ ತಗೊಳ್ಳಿ. ಕೈಯಲ್ಲೇ ಹಿಡಿದು ವಿಡಿಯೋನೂ ಮಾಡ್ತೀರಾ? ಹೊಸದಕ್ಕೆ ದುಡ್ಡು ಕೂಡಿಡಿ.