ರೋಮಕ ಬೆಳ್ಳಿನಾಣ್ಯಗಳ ರಾಜಮುದ್ರೆಯೂ ಇಕ್ಕೇರಿಯ ವರಹವೂ

ಸಂಸ್ಕೃತ ಗ್ರಂಥಗಳಲ್ಲಿ ‘ದೀನಾರ’ ಶಬ್ದವು ಬಂದಾಗ ಅದೊಂದು ಚಿನ್ನದ ನಾಣ್ಯವೆಂದು ಹೇಳಿ ಪಾಠವನ್ನು ಮುಂದುವರಿಸುವುದು ವಾಡಿಕೆ. ಅಮರಸಿಂಹನೂ ನಿಷ್ಕಶಬ್ದಕ್ಕೆ ದೀನಾರವೆಂಬ ಅರ್ಥವನ್ನು ಕೊಟ್ಟಿರುವನು. ಆದರೆ ಈ ಶಬ್ದಕ್ಕೆ ಮೂಲವಾದ ರೋಮಕರ ‘ದೆನಾರಿಯುಸ್’ ಬೆಳ್ಳಿಯ ನಾಣ್ಯವಾಗಿದ್ದಿತು. ಹೆಸರು ನಮ್ಮ ದೇಶದಲ್ಲಿ ಚಿನ್ನಕ್ಕೆ ಸಂದು ಕೋಶದಲ್ಲಿ ನೆಲೆನಿಂತಿತು. ಆ ನಾಣ್ಯದ ಮೇಲಿದ್ದ ರಾಜಮುಖಕ್ಕೆ ಇಲ್ಲಿ ಯಾವ ಮಾನ್ಯತೆ ದೊರೆಯಿತೆಂಬುದು ವಿಚಾರಾರ್ಹವಾಗಿದೆ.

ಕನ್ನಡ ನಾಡಿನಲ್ಲಿ ಈ ನಾಣ್ಯಗಳು ವಿರಳವಲ್ಲ. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ೧೬೩, ಅದೇ ನಗರದ ವಿಮಾನ ಕಾರ್ಖಾನೆಯ ನಿಲ್ದಾಣದ ಬಳಿ ೧೯೬೫ರಲ್ಲಿ ೨೫೬ ನಾಣ್ಯಗಳು ದೊರೆತುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ವೀಲರ್ ಅವರು ೧೯೪೭ರಲ್ಲಿ ಅಗೆಯಿಸಿದಾಗ ತಿಬೇರಿಯುಸನ ನಾಣ್ಯವೊಂದು ಸಿಕ್ಕಿತು.

ಭಾರತದಲ್ಲಿ ಹೆಚ್ಚಾಗಿ ದೊರೆಯುವುವು ಅಗುಸ್ತುಸ್ ಮತ್ತು ತಿಬೇರಿಯುಸರ ಎರಡು ಬಗೆಗಳು. ಅಗುಸ್ತುಸನ ನಾಣ್ಯದ ಮುಂಬದಿಯಲ್ಲಿ ಎಲೆಯ ಮಾಲೆಯನ್ನು ಮುಡಿದ ಚಕ್ರವರ್ತಿಯ ಶಿರಸ್ಸು. ಹಿಂಬದಿಯಲ್ಲಿ ಅವನು ದತ್ತು ತೆಗೆದುಕೊಂಡ ಮಗಳ ಮಕ್ಕಳಾದ ಗಾಯುಸ್, ಲೂಕಿಯುಸರು ಗುರಾಣಿ ಈಟಿಗಳೊಡನೆ ನಿಂತಿರುವರು. ಅವರ ನಡುವೆ, ಮೇಲ್ಗಡೆ, ಪುರೋಹಿತರ ದಂಡವೂ ನಮ್ಮ ಸ್ರುವವನ್ನು ನೆನಪಿಗೆ ತರುವ ಒಂದು ಸೌಟೂ ಇವೆ. ಇದು ಕೇವಲ ಅಲಂಕಾರವಲ್ಲ. ಮುಂದೆ ಆಳತಕ್ಕವರು ಇವರು, ಇವರಲ್ಲಿ ಶಸ್ತ್ರವೂ ಧರ್ಮಾಧಿಕಾರವೂ ಕೂಡಿವೆ ಎಂಬ ಘೋಷಣೆ. (ಆ ಇಬ್ಬರೂ ತಾತನಿಗಿಂತ ಮೊದಲೇ ತೀರಿಕೊಂಡರೆಂಬುದು ಬೇರೆ ಮಾತು.) ತಿಬೇರಿಯುಸನ ನಾಣ್ಯದ ಹಿಂಬದಿಯಲ್ಲಿ ರಾಜದಂಡವನ್ನೂ ರೆಂಬೆಯನ್ನೂ ಹಿಡಿದು ಕುಳಿತ ಸ್ತ್ರೀಮೂರ್ತಿಯಿದೆ, ಅವಳನ್ನು ಅವನ ತಾಯಿ ಲೀವಿಯಾ ಎಂದು ಹಲವರು ಗುರುತಿಸುವರು. ಸುತ್ತಲಿನ ಲಿಪಿಯಲ್ಲಿ ಇಬ್ಬರೂ ತಮ್ಮನ್ನು ದಿವ್ಯನ ಮಗನೆಂದು ಕರೆದುಕೊಂಡಿರುವರು. ಕುಷಾಣರ ‘ದೇವಪುತ್ರ’ ಬಿರುದನ್ನು ಬಲ್ಲವರಿಗೆ ಇದು ಹೊಸತಾಗಿ ತೋರದು.

ಆದರೆ ಈ ಘೋಷಣೆಯನ್ನು ಇಲ್ಲಿ ಓದಿದವರಾರು? ವರ್ತಕರು ನೋಡಿದುದು ಲೋಹವನ್ನು. ಕ್ರಿ. ಶ. ೬೪ರ ಸುಮಾರಿಗೆ ನೀರೋ ಬೆಳ್ಳಿನಾಣ್ಯದ ತೂಕವನ್ನೂ ಶುದ್ಧಿಯನ್ನೂ ತಗ್ಗಿಸಿದನು. ತರುವಾಯದ ಬೆಳ್ಳಿನಾಣ್ಯಗಳು ಭಾರತದಲ್ಲಿ ದೊರೆಯುವುದು ಬಹಳ ಕಡಮೆ. ತಮಿಳುನಾಡಿನ ಪುದುಕ್ಕೋಟೆಯಲ್ಲಿ ೧೮೯೮ರಲ್ಲಿ ಸಿಕ್ಕಿದ ರೋಮಕ ಚಿನ್ನದ ನಾಣ್ಯಗಳಲ್ಲಿಯಂತೂ ಬಹುಪಾಲಿನವುಗಳ ಮೇಲೆ ಚಕ್ರವರ್ತಿಯ ತಲೆಗೇ ಉಳಿಯ ಏಟು ಬಿದ್ದಿದೆ. ಪರಿಚಯವಿಲ್ಲದ ಬಿಂಬಕ್ಕೆ ಜನರಲ್ಲಿ ಗೌರವವಿರಲಿಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆ ಮಲೆನಾಡಿನಲ್ಲಿಯೇ ಇದೆ. ಸಾಗರ ಸೀಮೆಯ ಕೆಳದಿ ಇಕ್ಕೇರಿಗಳನ್ನೂ, ಹೊಸನಗರ ಸೀಮೆಯ ಬಿದನೂರನ್ನೂ, ತೀರ್ಥಹಳ್ಳಿ ಸೀಮೆಯ ಕವಲೇದುರ್ಗವನ್ನೂ ಆಳಿದ ನಾಯಕರ ಚಿನ್ನದ ವರಹದಲ್ಲಿ ಅರಸನ ಮುಖವೇ ಇಲ್ಲ. ಒಂದು ಬದಿಯಲ್ಲಿ ಪಾರ್ವತೀಪರಮೇಶ್ವರರು ಕುಳಿತಿರುವರು. ಇನ್ನೊಂದು ಬದಿಯಲ್ಲಿ ನಾಗರಾಕ್ಷರಗಳಲ್ಲಿ ‘ಶ್ರೀ ಸದಾಶಿವ’ ಎಂದಿದೆ. ವಿಜಯನಗರದವರ ದೇವದಂಪತಿಗಳ ನಾಣ್ಯಪದ್ಧತಿಯನ್ನು ಇದು ಅನುಸರಿಸಿದೆ. ಸದಾಶಿವನೆಂಬುದು ದೇವರ ಹೆಸರೋ ಸದಾಶಿವನಾಯಕನ ಹೆಸರೋ? ಮುಂದಿನ ನಾಯಕರೂ ಅದೇ ಲಿಪಿಯನ್ನು ಉಳಿಸಿಕೊಂಡುದರಿಂದ, ಶ್ಲೇಷವನ್ನು ಬಿಡಿಸದೆ ಎರಡರ್ಥವನ್ನೂ ಗ್ರಹಿಸುವುದೇ ಯುಕ್ತವೆಂದು ನನಗೆ ತೋರುತ್ತದೆ. ರೋಮಕನು ತಾನೇ ದೇವರ ಮಗನೆಂದು ಮುಖವನ್ನು ಅಚ್ಚೊತ್ತಿಸಿದನು. ನಾಯಕನು ದೇವರ ಹೆಸರಿನೊಳಗೆ ತನ್ನ ಹೆಸರನ್ನು ಅಡಗಿಸಿದನು.

ಟಂಕಶಾಲೆಯು ಬಿದನೂರಿಗೆ ಹೋದ ಮೇಲೂ ವರಹವು ಇಕ್ಕೇರಿಯದೆಂದೇ ಕರೆಯಲ್ಪಟ್ಟಿತು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿಯು ಪಾರ್ವತೀಪರಮೇಶ್ವರರನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸೀ ಲಿಪಿಯಲ್ಲಿ ಹಾಕಿಸಿದನು. ಪೇಟೆಯ ನಂಬುಗೆ ಆ ಬಿಂಬದಲ್ಲಿದ್ದಿತು. ಅದನ್ನು ಅಳಿಸುವುದು ಗೆದ್ದವನಿಗೂ ಲಾಭಕರವಾಗಿರಲಿಲ್ಲ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅದೇ ದಂಪತಿಗಳಿರುವರು. ಹಿಂಬದಿಯಲ್ಲಿ ‘ಶ್ರೀ ಕೃಷ್ಣರಾಜ’ ಎಂದು ನಾಗರಾಕ್ಷರಗಳಿವೆ.