ಬೀಪ್ ಎಂದದ್ದೆಲ್ಲ ನಿಧಿಯಲ್ಲ

ಪುಣೆಗೆ ಬಂದ ಮೇಲೆ ಭಾನುವಾರ ಕೋಟೆ ಹತ್ತುವ ಹುಚ್ಚು ಹಿಡಿಯಿತು. ಈ ವರ್ಷ ಅದಕ್ಕೆ ಮೆಟಲ್ ಡಿಟೆಕ್ಟರ್ ಜೊತೆಯಾಯಿತು. ಸಿಂಹಗಡದಲ್ಲಿ ಹಳೇ ನಾಣ್ಯ ಸಿಕ್ಕೀತೆಂಬ ಆಸೆ. ಕಾನೂನು ಓದಿದ್ದು ಕೊಂಡ ಮೇಲೆ! 1878ರ ನಿಧಿ ಕಾಯ್ದೆಯಂತೆ, ಮಣ್ಣಲ್ಲಿ ಹುದುಗಿದ್ದು 10 ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿಯಿಲ್ಲದೆ ಅಗೆಯುವಂತೆಯೇ ಇಲ್ಲ.

ದೀಪಾವಳಿಗೆ ಧಾರವಾಡದ ಊರಿಗೆ ಒಯ್ದೆ. ಹಿತ್ತಲಲ್ಲಿ ನಾಣ್ಯ ಹೂತು ಕಲಿತೆ. ಮೊದಲು ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಖನಿಜಗಳ ಗದ್ದಲ ಅಡಗಿಸುವುದು. ಆಮೇಲೆ ಕಾಯಿಲನ್ನು ನೆಲಕ್ಕೆ ಸಮನಾಗಿ, ನಿಧಾನ ಬೀಸುವುದು. ಕಬ್ಬಿಣ ಬೇಡವೆಂದರೆ ಈಗಿನ ಸ್ಟೀಲ್ ರೂಪಾಯಿಯೂ ಮಾಯ. ಅಜ್ಜನ ತಾಮ್ರದ ಕಾಲಾಣೆ ಮಾತ್ರ ಸ್ಪಷ್ಟ.

ನೋಡುತ್ತಿದ್ದ ಅವ್ವ, "ನನ್ನ ಕಾಲುಂಗುರ ಸಿಗತೈತೇನು?" ಅಂದಳು. ಬಾವಿಕಟ್ಟೆ ಬಳಿ ಕಳೆದು ಇಪ್ಪತ್ತು ವರ್ಷ. ಎರಡು ದಿನ ಹುಡುಕಿದೆ. ಬಾಟಲಿ ಮುಚ್ಚಳ, ತಂತಿ, ಅಪ್ಪನ ಸೈಕಲ್ಲಿನ ಹಿತ್ತಾಳೆ ಗಂಟೆ. ಕಾಲುಂಗುರ ಸಿಗಲಿಲ್ಲ.

ಅವ್ವ ಬೇಸರ ಮಾಡಿಕೊಳ್ಳಲಿಲ್ಲ. ಗಂಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಈಗ ಅದು ಅಪ್ಪನ ಫೋಟೊ ಮುಂದಿದೆ.